ವಿದ್ಯುತ್ ಗಿಟಾರಿನ ಕಿವಿ

ತಂತಿವಾದ್ಯಗಳ ಪಾಠವನ್ನು ಆರಂಭಿಸುವಾಗ ಭೌತವಿಜ್ಞಾನದ ಅಧ್ಯಾಪಕರು ಹೇಳುವ ಮಾತು ಸಾಮಾನ್ಯವಾಗಿ ಒಂದೇ. ತಂತಿಯು ಬಲು ಸಣ್ಣದು; ಎಷ್ಟು ಕಂಪಿಸಿದರೂ ಅದು ತನ್ನ ಸುತ್ತಣ ಗಾಳಿಯನ್ನು ಹೆಚ್ಚಾಗಿ ಕದಲಿಸಲಾರದು. ಆದುದರಿಂದ ಅದರ ಕಂಪನವನ್ನು ಕುದುರೆಯ ಮೂಲಕ ಅಗಲವಾದ ಹಲಗೆಗೂ ಟೊಳ್ಳಾದ ಒಡಲಿಗೂ ಸಾಗಿಸಬೇಕು. ನಮಗೆ ಕೇಳಿಸುವ ನಾದವು ಬಹುಮಟ್ಟಿಗೆ ಆ ಹಲಗೆಯಿಂದಲೂ ಒಡಲೊಳಗಣ ಗಾಳಿಯಿಂದಲೂ ಹೊರಟುದು. ವೀಣೆ, ತಂಬೂರಿ, ಪಿಟೀಲು, ಸಾಮಾನ್ಯ ಗಿಟಾರು ಇವೆಲ್ಲಕ್ಕೂ ಈ ಮಾತು ಸಲ್ಲುತ್ತದೆ. ವಿದ್ಯುತ್ ಗಿಟಾರಿಗೆ ಮಾತ್ರ ಸಲ್ಲುವುದಿಲ್ಲ. ಅದರ ಒಡಲು ಟೊಳ್ಳಲ್ಲ. ಒಂದೂಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಮರ. ನಾದ ಹೊರಬರಲು ಅದರಲ್ಲಿ ರಂಧ್ರವೂ ಇಲ್ಲ. ವಿದ್ಯುತ್ತಿನ ಸಂಪರ್ಕವಿಲ್ಲದೆ ಮೀಟಿದರೆ ಪಕ್ಕದ ಕೋಣೆಯಲ್ಲಿರುವವರಿಗೆ ಅದು ಕೇಳಿಸುವುದೇ ಇಲ್ಲ. ಹಾಗಿದ್ದರೆ ಆ ವಾದ್ಯದಲ್ಲಿ ನಾದವು ಹುಟ್ಟುವುದೆಲ್ಲಿ?

ಈ ಪ್ರಶ್ನೆಯನ್ನು ವಿದ್ಯಾರ್ಥಿಗಳೆದುರು ಪ್ರಯೋಗದಿಂದಲೇ ಬಿಡಿಸಬೇಕೆಂದು ನಮ್ಮ ಕಾಲೇಜಿನ ವಿಜ್ಞಾನ ಸಂಘಕ್ಕಾಗಿ ನಾವು ಈಚೆಗೆ ಒಂದು ವಿದ್ಯುತ್ ಗಿಟಾರನ್ನೂ ಅದಕ್ಕೆ ಬೇಕಾದ ಸಣ್ಣ ವರ್ಧಕವನ್ನೂ ಕೊಂಡೆವು. ಹಣವು ವಿದ್ಯಾರ್ಥಿಗಳು ಒಂದು ವರ್ಷ ಕೂಡಿಸಿದ ಚಂದಾ ಹಣ. ಗದ್ದಲದ ಆಟಿಕೆಗೆ ಇಷ್ಟು ಹಣವೇ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದ್ದೂ ಉಂಟು. ಹತ್ತು ದಿನಗಳೊಳಗೆ ದೋಷವನ್ನು ತೋರಿಸಿಕೊಟ್ಟರೆ ವಾದ್ಯವನ್ನು ಹಿಂದಕ್ಕೆ ತೆಗೆದುಕೊಳ್ಳುವುದಾಗಿ ಅಂಗಡಿಯವರು ರಸೀದಿಯ ಮೇಲೆಯೇ ಬರೆದುಕೊಟ್ಟಿದ್ದರು. ಮೊದಲನೆಯ ಸಂಜೆಯೇ ನಾಲ್ಕು ದೂರುಗಳು ಕಂಡುಬಂದುವು. ಮೀಟದಿದ್ದಾಗಲೂ ಧ್ವನಿವರ್ಧಕದಿಂದ ದುಂಬಿಯ ಮೊರೆತದಂತಹ ಸದ್ದು. ದಪ್ಪ ತಂತಿಯ ಸ್ವರದಲ್ಲಿ ಒಂದು ಬಗೆಯ ತೊದಲು. ದಂಡಿಯ ನಡುವಿನಲ್ಲಿ ಒತ್ತಿದಾಗ ಸ್ವರವು ತುಸು ಏರಿ ನಿಲ್ಲುವುದು. ಮೂರನೆಯ ತಂತಿಯನ್ನು 13ನೆಯ ಮೆಟ್ಟಿಲಲ್ಲಿ ಒತ್ತಿದಾಗ ಝುಂಯ್ ಎಂಬ ಕರ್ಕಶ ಸದ್ದು. ಇವುಗಳಲ್ಲಿ ವಾದ್ಯದ ದೋಷ ಯಾವುದು, ಪ್ರಕೃತಿ ನಿಯಮದ ಫಲ ಯಾವುದು ಎಂಬುದನ್ನು ಹತ್ತು ದಿನಗಳಲ್ಲಿ ನಿರ್ಣಯಿಸಬೇಕಾಗಿತ್ತು. ಹೊಸದಾಗಿ ಇಂತಹ ವಾದ್ಯವನ್ನು ಕೊಳ್ಳುವ ಯಾರಿಗಾದರೂ ಈ ಪ್ರಶ್ನೆ ಎದುರಾಗುವುದರಿಂದ ನಮ್ಮ ಪರೀಕ್ಷೆಯ ವಿವರಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಮೊದಲು ವಾದ್ಯದ ಹುಟ್ಟನ್ನು ಕುರಿತು ಎರಡು ಮಾತು. 1920ರ ದಶಕದಲ್ಲಿ ಅಮೆರಿಕದ ನೃತ್ಯಮೇಳಗಳು ದೊಡ್ಡದಾಗುತ್ತ ಬಂದಂತೆ ಕಹಳೆ, ಸ್ಯಾಕ್ಸೋಫೋನುಗಳ ನಡುವೆ ಗಿಟಾರಿನ ದನಿ ಅಡಗಿಹೋಗುತ್ತಿತ್ತು. ಇದಕ್ಕೆ ಪರಿಹಾರವನ್ನು ಹುಡುಕಿದವರಲ್ಲಿ ಜಾರ್ಜ್ ಬೀಚಮ್ ಎಂಬ ವಾದಕ ಒಬ್ಬ. ಅವನೂ ಅಡಾಲ್ಫ್ ರಿಕೆನ್‌ಬ್ಯಾಕರ್ ಎಂಬ ಯಂತ್ರಶಿಲ್ಪಿಯೂ ಸೇರಿ 1932ರಲ್ಲಿ ಮಾರಾಟಕ್ಕೆ ತಂದ ವಾದ್ಯವು ಅಲ್ಯೂಮಿನಿಯಮ್ ಎರಕದ್ದು. ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ನುಡಿಸುವ ಹವಾಯಿ ಗಿಟಾರು. ದುಂಡನೆಯ ಒಡಲಿಗೆ ಉದ್ದನೆಯ ದಂಡಿ ಸೇರಿದ್ದ ಅದನ್ನು ಜನ ಹಿಡಿಯುಳ್ಳ ಬಾಣಲೆಗೆ ಹೋಲಿಸಿ ಆ ಹೆಸರಿನಿಂದಲೇ ಕರೆದರು. ಅದರ ಹಕ್ಕುಪತ್ರ ದೊರೆತದ್ದು 1937ರಲ್ಲಿ. ಮುಂದೆ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ 1950ರಲ್ಲಿ ಗಟ್ಟಿ ಮರದ ಗಿಟಾರನ್ನು ಮಾರಾಟಕ್ಕೆ ತಂದನು. ಇವನು ರೇಡಿಯೋ ದುರಸ್ತಿ ಮಾಡುತ್ತಿದ್ದವನು. ಗಿಟಾರನ್ನು ನುಡಿಸಲು ಬಾರದವನು. ನುಡಿಸಲು ಬಾರದವನೊಬ್ಬನು ವಾದ್ಯದ ರೂಪವನ್ನು ನಿರ್ಣಯಿಸಿದನೆಂಬುದು ವಿಚಿತ್ರವಾಗಿ ತೋರಿದರೂ, ಇದು ಅರ್ಧ ವಾದ್ಯ, ಅರ್ಧ ರೇಡಿಯೋ ಎಂಬುದನ್ನು ನೆನೆದರೆ ಆಶ್ಚರ್ಯವಿಲ್ಲ. 1954ರಲ್ಲಿ ಅವನ ಕಾರ್ಖಾನೆಯಿಂದ ಹೊರಬಂದ ಸ್ಟ್ರಾಟೋಕ್ಯಾಸ್ಟರ್ ಎಂಬ ಮಾದರಿಯ ಅನುಕರಣವೇ ನಾವು ಕೊಂಡ ಗಿಟಾರು.

ಆರು ತಂತಿಗಳ ಕೆಳಗೆ, ಮರದ ಮೇಲೆ, ಮೂರು ಸಣ್ಣ ಪೆಟ್ಟಿಗೆಗಳು ಅಡ್ಡಲಾಗಿ ಕುಳಿತಿವೆ. ಇವನ್ನು ವಾದಕರು ಪಿಕಪ್ ಎನ್ನುತ್ತಾರೆ. ಪಿಕಪ್ ಎಂಬುದು ಮೈಕ್ರೋಫೋನಿನ ಒಂದು ಬಗೆಯೆಂದೂ ಅದು ತಂತಿಯ ಸದ್ದನ್ನು ಹಿಡಿದು ದೊಡ್ಡದು ಮಾಡುತ್ತದೆಂದೂ ಅನೇಕರು ತಿಳಿದಿದ್ದಾರೆ. ಇದು ನಿಜವಾದರೆ ಪಿಕಪ್ಪಿನ ಮುಂದೆ ಮಾತನಾಡಿದಾಗ ಮಾತು ಧ್ವನಿವರ್ಧಕದಿಂದ ಕೇಳಿಸಬೇಕಲ್ಲವೆ? ವಿದ್ಯಾರ್ಥಿಯೊಬ್ಬನು ಅದರ ಹತ್ತಿರ ಬಾಯಿಟ್ಟು ತನ್ನ ಹೆಸರನ್ನು ಗಟ್ಟಿಯಾಗಿ ಕೂಗಿದರೂ ಧ್ವನಿವರ್ಧಕದಿಂದ ಆ ಹೆಸರು ಹೊರಡಲಿಲ್ಲ. ಅನಂತರ ನಾವು ಪ್ರಯೋಗಶಾಲೆಯ ಎರಡು ಶ್ರುತಿಕವೆಗಳನ್ನು ತಂದೆವು. ಎರಡೂ ಸೆಕೆಂಡಿಗೆ 512 ಸಲ ಕಂಪಿಸುವುವು, ಒಂದು ಉಕ್ಕಿನದು, ಇನ್ನೊಂದು ಅಲ್ಯೂಮಿನಿಯಮಿನದು. ಉಕ್ಕಿನ ಕವೆಯನ್ನು ರಬ್ಬರಿಗೆ ಹೊಡೆದು, ಎಲ್ಲಿಯೂ ತಗುಲಿಸದೆ, ಪಿಕಪ್ಪಿನ ಮೇಲೆ ಕೆಲವು ಮಿಲಿಮೀಟರ್ ಅಂತರದಲ್ಲಿ ಹಿಡಿದೊಡನೆ ಕೊಠಡಿಯೆಲ್ಲ ತುಂಬುವಂತೆ ಅದರ ಸ್ವರವು ಧ್ವನಿವರ್ಧಕದಿಂದ ಮೊಳಗಿತು. ಅಲ್ಯೂಮಿನಿಯಮಿನ ಕವೆ ಬರಿಯ ಕಿವಿಗೆ ಅಷ್ಟೇ ಜೋರಾಗಿ ಕೇಳಿಸುತ್ತಿದ್ದರೂ ಪಿಕಪ್ಪಿಗೆ ಅದು ಇಲ್ಲದಂತೆಯೇ ಇತ್ತು. ಒಂದು ತಂತಿಯನ್ನು ಬಿಚ್ಚಿ ಅದರ ಜಾಗದಲ್ಲಿ ನೈಲಾನ್ ತಂತಿಯನ್ನು ಕಟ್ಟಿ ಮೀಟಿದಾಗಲೂ ಧ್ವನಿವರ್ಧಕ ಮೌನವಾಗಿಯೇ ಉಳಿಯಿತು. ಪಿಕಪ್ಪಿಗೆ ಬೇಕಾದುದು ಗಾಳಿಯ ಕಂಪನವಲ್ಲ, ಉಕ್ಕಿನ ಚಲನೆ ಎಂಬುದು ಇದರಿಂದ ಸಿದ್ಧವಾಯಿತು.

ಪೆಟ್ಟಿಗೆಯ ಒಳಗಿರುವುದು ಇಷ್ಟೆ: ಒಂದೊಂದು ತಂತಿಗೂ ಒಂದರಂತೆ ಆರು ಅಯಸ್ಕಾಂತ ದಂಡಗಳು, ಅವುಗಳ ಸುತ್ತ ಸಾವಿರಾರು ಸಲ ಸುತ್ತಿದ ತಾಮ್ರದ ತಂತಿಯ ಸುರುಳಿ. ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವನ್ನಾಗಿ ಮಾಡುತ್ತದೆ. ಕಾಂತಗೊಂಡ ಆ ತಂತಿ ಅತ್ತಿತ್ತ ಅಲುಗಿದಂತೆಲ್ಲ ಸುರುಳಿಯನ್ನು ಹಾಯುವ ಕಾಂತರೇಖೆಗಳು ಹೆಚ್ಚು ಕಡಿಮೆಯಾಗುತ್ತವೆ. ಹೀಗಾದಾಗ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುವುದೆಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದನು. ತಂತಿಯು ಸೆಕೆಂಡಿಗೆ 110 ಸಲ ಅಲುಗಿದರೆ ವಿದ್ಯುತ್ತೂ 110 ಸಲ ಹಿಂದುಮುಂದಾಗಿ ಹರಿಯುತ್ತದೆ. ಅದರ ಪ್ರಮಾಣ ವೋಲ್ಟಿನ ಹತ್ತನೆಯ ಒಂದು ಪಾಲಿನ ಆಸುಪಾಸು; ಧ್ವನಿವರ್ಧಕವನ್ನು ನಡೆಸಲು ಬೇಕಾದ ಶಕ್ತಿಯೆಲ್ಲ ಗೋಡೆಯ ಪ್ಲಗ್ಗಿನಿಂದ, ವರ್ಧಕದ ಮೂಲಕ ಬರುವುದು.

ಸುರುಳಿಯಲ್ಲಿರುವ ತಾಮ್ರ ಎಷ್ಟು ಉದ್ದ ಎಂದು ವಿದ್ಯಾರ್ಥಿಗಳು ಕೇಳಿದರು. ಪೆಟ್ಟಿಗೆಯನ್ನು ಬಿಚ್ಚದೆ ಇದನ್ನು ತಿಳಿಯಬಹುದು. ಮಲ್ಟಿಮೀಟರಿನಿಂದ ಅಳೆದಾಗ ಒಂದು ಪಿಕಪ್ಪಿನ ರೋಧವು 5,900 ಓಮ್ ಎಂದು ಕಂಡಿತು. ಇಂತಹ ಸುರುಳಿಗಳಿಗೆ ರೂಢಿಯಲ್ಲಿ ಬಳಸುವ ತಾಮ್ರದ ಎಳೆಯ ದಪ್ಪ 0.063 ಮಿಲಿಮೀಟರ್, ಎಂದರೆ ತಲೆಗೂದಲಿನಷ್ಟು. ಅದರ ಒಂದು ಮೀಟರಿಗೆ ಸುಮಾರು 5.5 ಓಮ್ ರೋಧ. ಭಾಗಿಸಿದರೆ ಉದ್ದವು ಒಂದು ಕಿಲೋಮೀಟರನ್ನೂ ಮೀರುತ್ತದೆ! ಬೆರಳುದ್ದದ ಪೆಟ್ಟಿಗೆಯಲ್ಲಿ ಒಂದು ಕಿಲೋಮೀಟರ್ ತಂತಿ ಅಡಗಿದೆಯೆಂದಾಗ ತರಗತಿಯಲ್ಲಿ ಉಂಟಾದ ನಿಶ್ಶಬ್ದವು ಆ ದಿನದ ಬೇರಾವ ಪ್ರಯೋಗದಿಂದಲೂ ಉಂಟಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಒಂದೇ ಬಗೆಯ ಪಿಕಪ್ಪುಗಳು ಮೂರು ಏಕೆ? ನಮ್ಮ ಗಿಟಾರಿನಲ್ಲಿ ತಂತಿಯ ಕಂಪಿಸುವ ಉದ್ದ 648 ಮಿಲಿಮೀಟರ್. ಕುದುರೆಯಿಂದ ಅಳೆದರೆ ಒಂದು ಪಿಕಪ್ 41 ಮಿಲಿಮೀಟರ್ ದೂರದಲ್ಲಿಯೂ, ಎರಡನೆಯದು 98 ಮಿಲಿಮೀಟರ್ ದೂರದಲ್ಲಿಯೂ, ದಂಡಿಗೆ ಸಮೀಪದ ಮೂರನೆಯದು 162 ಮಿಲಿಮೀಟರ್ ದೂರದಲ್ಲಿಯೂ ಇವೆ. ಕಿರುಗುಂಡಿಯನ್ನು ಸರಿಸಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು. ತಂತಿಯನ್ನು ಒಂದೇ ರೀತಿಯಲ್ಲಿ ಮೀಟಿದರೂ ಕುದುರೆಯ ಬಳಿಯ ಪಿಕಪ್ಪಿನಿಂದ ಬರುವ ನಾದ ತೆಳ್ಳಗೆ, ಹರಿತವಾಗಿರುತ್ತದೆ. ದಂಡಿಯ ಬಳಿಯದರಿಂದ ಬರುವುದು ದುಂಡಗೆ, ಮೃದುವಾಗಿರುತ್ತದೆ.

ಇದರ ಕಾರಣವನ್ನು ತಿಳಿಯಲು ತಂತಿಯ ಕಂಪನದ ಬಗೆಯನ್ನು ಸ್ಮರಿಸಬೇಕು. ಮೀಟಿದ ತಂತಿಯು ತನ್ನ ಪೂರ್ಣ ಉದ್ದವೂ ಒಂದಾಗಿ ಕಂಪಿಸುತ್ತದೆ, ಇದು ಮೂಲಸ್ವರ. ಅದೇ ಕಾಲದಲ್ಲಿ ಎರಡು ಸಮಭಾಗಗಳಾಗಿಯೂ, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಇವು ಎರಡನೆಯ, ಮೂರನೆಯ, ನಾಲ್ಕನೆಯ ಉಪಸ್ವರಗಳು ಇತ್ಯಾದಿ. ನಾಲ್ಕು ಭಾಗಗಳಾಗಿ ಕಂಪಿಸುವಾಗ ಭಾಗಭಾಗಗಳ ನಡುವೆ, ಎಂದರೆ ಉದ್ದದ ಕಾಲು, ಅರ್ಧ, ಮುಕ್ಕಾಲು ಅಂತರಗಳಲ್ಲಿ, ತಂತಿಯು ಕದಲದೆ ನಿಲ್ಲುತ್ತದೆ. ಇಂತಹ ತಾಣಕ್ಕೆ ನಿಸ್ಪಂದವೆಂದು ಹೆಸರು. ತನ್ನ ಮುಂದಿರುವ ಒಂದಿಷ್ಟು ತಂತಿಯ ಚಲನೆಯನ್ನಲ್ಲದೆ ಬೇರೇನನ್ನೂ ಅರಿಯದ ಪಿಕಪ್ಪು ಒಂದು ನಿಸ್ಪಂದದ ಕೆಳಗೇ ಕುಳಿತಿದ್ದರೆ ಆ ಉಪಸ್ವರದ ಸುದ್ದಿಯೇ ಅದಕ್ಕೆ ತಿಳಿಯಬಾರದು. 648ರ ಕಾಲುಭಾಗ 162. ದಂಡಿಯ ಬಳಿಯ ಪಿಕಪ್ಪು ಇರುವುದು ಸರಿಯಾಗಿ ಅಲ್ಲಿಯೇ!

ಪರೀಕ್ಷೆ ಸುಲಭ. 110 ಹರ್ಟ್ಸಿನ ಐದನೆಯ ತಂತಿಯನ್ನು ಆರಿಸಿಕೊಂಡು, ತಲೆಯ ಕಡೆಯಿಂದ ಕಾಲುಭಾಗ ದೂರದಲ್ಲಿ, ಎಂದರೆ ಐದನೆಯ ಮೆಟ್ಟಿಲಿನ ನೇರಕ್ಕೆ, ಬೆರಳನ್ನು ಒತ್ತದೆ ಬರಿದೇ ಸೋಕಿಸಿ, ಕುದುರೆಯ ಬಳಿ ಮೀಟಿ, ಬೆರಳನ್ನು ತೆಗೆದುಬಿಡಬೇಕು. ಬೆರಳು ಸೋಕಿದ ತಾಣದಲ್ಲಿ ಅಲುಗಬೇಕಾದ ಕಂಪನಗಳೆಲ್ಲ ಅಡಗಿ, ನಾಲ್ಕನೆಯ ಉಪಸ್ವರವೂ ಅದರ ಗುಣಿತಗಳೂ ಮಾತ್ರ ಉಳಿಯುತ್ತವೆ. ಕುದುರೆಯ ಬಳಿಯ ಪಿಕಪ್ಪನ್ನು ಆರಿಸಿಕೊಂಡಾಗ 440 ಹರ್ಟ್ಸಿನ ಸ್ವರ ಗಂಟೆಯಂತೆ ಮೊಳಗಿತು. ಅದು ಮೊಳಗುತ್ತಿರುವಂತೆಯೇ ಕಿರುಗುಂಡಿಯನ್ನು ದಂಡಿಯ ಬಳಿಯ ಪಿಕಪ್ಪಿಗೆ ಸರಿಸಿದೆವು. ಸ್ವರವು ದೀಪವನ್ನು ಆರಿಸಿದಂತೆ ಕುಂದಿಹೋಯಿತು. ಆ ಗಳಿಗೆಯಲ್ಲಿ ಗಿಟಾರಿನ ಮರಕ್ಕೆ ಕಿವಿ ಹಚ್ಚಿದ ವಿದ್ಯಾರ್ಥಿನಿಗೆ ಅದೇ ಸ್ವರ ಚೆನ್ನಾಗಿ ಕೇಳಿಸುತ್ತಲೇ ಇತ್ತು. ತಂತಿಯು ಹಾಡುತ್ತಿದೆ, ಮರ ಹಾಡುತ್ತಿದೆ, ಗಿಟಾರು ಮಾತ್ರ ಕೇಳಿಸಿಕೊಳ್ಳುತ್ತಿಲ್ಲ. ಪೂರ್ತಿ ಮೌನವೇನೂ ಅಲ್ಲ. ಪಿಕಪ್ಪು ಬಿಂದುಮಾತ್ರವಾಗಿರದೆ ತುಸು ಅಗಲವಾಗಿರುವುದರಿಂದ ಕ್ಷೀಣವಾದ ಸದ್ದೊಂದು ಉಳಿಯುತ್ತದೆ.

ತಂತಿಯನ್ನು 12ನೆಯ ಮೆಟ್ಟಿಲಲ್ಲಿ ಒತ್ತಿದಾಗ ಇನ್ನೂ ಸ್ವಾರಸ್ಯವಿದೆ. ಆಗ ಕಂಪಿಸುವ ಉದ್ದ 324 ಮಿಲಿಮೀಟರ್; 162 ಅದರ ನಟ್ಟನಡು. ಎರಡು, ನಾಲ್ಕು, ಆರು ಮೊದಲಾದ ಸಮಸಂಖ್ಯೆಯ ಉಪಸ್ವರಗಳಿಗೆಲ್ಲ ನಡುವೆ ನಿಸ್ಪಂದವಿರುವುದರಿಂದ ಅವೆಲ್ಲವೂ ಒಟ್ಟಿಗೆ ಕಾಣೆಯಾಗಿ, ಕೊಳವೆಯೊಳಗಿನಿಂದ ಬಂದಂತಹ ಪೊಳ್ಳು ನಾದವೊಂದು ಉಳಿಯುತ್ತದೆ. ಕುದುರೆಯ ಬಳಿಯ ಪಿಕಪ್ಪಿನ ಹರಿತಕ್ಕೂ ಇದೇ ಲೆಕ್ಕ ಉತ್ತರ ಕೊಡುತ್ತದೆ. ತಂತಿಯ ತುದಿಯ ಹತ್ತಿರ ಮೂಲಸ್ವರದ ಅಲುಗಾಟ ಬಹಳ ಕಿರಿದು. ದಂಡಿಯ ಬಳಿಯ ಪಿಕಪ್ಪಿಗೆ ದೊರೆಯುವುದರಲ್ಲಿ ಮೂರನೆಯ ಒಂದು ಪಾಲೂ ಇಲ್ಲಿ ದೊರೆಯದು. ಮೇಲಿನ ಉಪಸ್ವರಗಳಿಗೆ ಇಂತಹ ಕೊರತೆಯಿಲ್ಲ.

ಇಲ್ಲಿ ನಮ್ಮ ದೇಶದ ಸಂಶೋಧನೆಯೊಂದನ್ನು ನೆನೆಯುವುದು ಉಚಿತ. ತಂತಿಯನ್ನು ಯಾವುದಾದರೊಂದು ಉಪಸ್ವರದ ನಿಸ್ಪಂದದಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟುವುದಿಲ್ಲವೆಂಬುದು ಥಾಮಸ್ ಯಂಗನ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಸಿ. ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ವೀಣೆ ತಂಬೂರಿಗಳು ಈ ನಿಯಮಕ್ಕೆ ಮಣಿಯುವುದಿಲ್ಲವೆಂದು ತೋರಿಸಿದರು. ನಿಸ್ಪಂದದಲ್ಲಿ ಮೀಟಿದರೂ ಆ ಉಪಸ್ವರ ಅವುಗಳಲ್ಲಿ ಬಲವಾಗಿಯೇ ಕೇಳಿಸುತ್ತದೆ. ಕಾರಣ ಅವುಗಳ ಕುದುರೆ. ಅದರ ಮೈ ಅಗಲವಾಗಿ, ನಸು ಬಾಗಿರುವುದರಿಂದ ಕಂಪಿಸುವ ತಂತಿಯು ಅದರ ಮೇಲೆ ಕೂಡುತ್ತ ಬಿಡುತ್ತ ಇರುತ್ತದೆ. ಗಿಟಾರಿನ ಕುದುರೆಯಾದರೋ ಹರಿತವಾದ ಉಕ್ಕಿನ ಅಂಚು. ಆದುದರಿಂದ ಯಂಗನ ನಿಯಮ ಇಲ್ಲಿ ಚಾಚೂ ತಪ್ಪದೆ ನಡೆಯುತ್ತದೆ. ಅಷ್ಟೇ ಅಲ್ಲ, ಪಿಕಪ್ಪು ಆ ನಿಯಮವನ್ನು ತಿರುಗುಮುರುಗಾಗಿಯೂ ತೋರಿಸುತ್ತದೆ: ಮೀಟುವ ತಾಣಕ್ಕೆ ಸಲ್ಲುವ ಮಾತೇ ಕೇಳುವ ತಾಣಕ್ಕೂ ಸಲ್ಲುತ್ತದೆ. ವೀಣೆಯ ನಾದವನ್ನು ಅದರ ಕುದುರೆಯೂ ಒಡಲೂ ರೂಪಿಸುವುವಾದರೆ ಈ ಗಿಟಾರಿನ ನಾದವನ್ನು ರೂಪಿಸುವುದರಲ್ಲಿ ಅದು ಎಲ್ಲಿಂದ ಕೇಳಿಸಿಕೊಳ್ಳುತ್ತದೆ ಎಂಬುದಕ್ಕೆ ಬಹು ದೊಡ್ಡ ಪಾಲಿದೆ. ಮರದ ಜಾತಿಯನ್ನು ಕುರಿತು ಅಂಗಡಿಗಳಲ್ಲಿ ನಡೆಯುವ ವಾಗ್ವಾದಗಳನ್ನು ಕೇಳಿದ್ದೇವೆ. ಒಳ್ಳೆಯ ಮರ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಪಿಕಪ್ಪನ್ನು ಎರಡು ಅಂಗುಲ ಸರಿಸಿದಾಗ ಆಗುವ ವ್ಯತ್ಯಾಸ ಎಂತಹ ಕಿವಿಗೂ ಕೇಳಿಸುತ್ತದೆ.

ಇನ್ನು ನಾಲ್ಕು ದೂರುಗಳ ವಿಚಾರ.

ಮೊರೆತವನ್ನು ಫೋನಿನಲ್ಲಿರುವ ಆವೃತ್ತಿಮಾಪಕದಿಂದ ನೋಡಿದಾಗ 50 ಹರ್ಟ್ಸ್ ಮತ್ತು ಅದರ ಗುಣಿತಗಳೇ ಕಂಡವು. 50 ಹರ್ಟ್ಸ್ ಎಂಬುದು ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವೃತ್ತಿ. ಗೋಡೆಯ ತಂತಿಗಳ, ವರ್ಧಕದೊಳಗಿನ ಟ್ರಾನ್ಸ್‌ಫಾರ್ಮರಿನ ಸುತ್ತ ಅದೇ ಆವೃತ್ತಿಯಲ್ಲಿ ಏರಿಳಿಯುವ ಕಾಂತಕ್ಷೇತ್ರವಿರುತ್ತದೆ. ಒಂದು ಕಿಲೋಮೀಟರ್ ತಾಮ್ರದ ಸುರುಳಿ ಅದನ್ನು ಹಿಡಿಯದೆ ಬಿಟ್ಟೀತೆ? ಗಿಟಾರನ್ನು ಹಿಡಿದು ನಿಂತಲ್ಲಿಯೇ ಮೆಲ್ಲನೆ ತಿರುಗಿದಾಗ ಮೊರೆತವು ಏರಿ ಇಳಿದು ಒಂದು ದಿಕ್ಕಿನಲ್ಲಿ ಬಹುಮಟ್ಟಿಗೆ ಅಡಗಿತು. ಸುರುಳಿಯ ಮುಖವು ಆ ಕ್ಷೇತ್ರಕ್ಕೆ ಸಮಾಂತರವಾದಾಗ ಕಾಂತರೇಖೆಗಳು ಅದನ್ನು ಹಾಯುವುದಿಲ್ಲ, ಅದಕ್ಕೇ ಹೀಗೆ. ವರ್ಧಕವನ್ನು ಎರಡು ಮೀಟರ್ ದೂರವಿಟ್ಟುದರಿಂದಲೂ ಪ್ರಯೋಜನವಾಯಿತು. ಇದಕ್ಕೆ ಶಾಶ್ವತವಾದ ಉಪಾಯವನ್ನು ಕಂಡವರಲ್ಲಿ ಪ್ರಸಿದ್ಧನು ಗಿಬ್ಸನ್ ಸಂಸ್ಥೆಯ ಸೆತ್ ಲವರ್. 1955ರಲ್ಲಿ ಅರ್ಜಿ ಹಾಕಿ 1959ರಲ್ಲಿ ಅವನು ಹಕ್ಕುಪತ್ರವನ್ನು ಪಡೆದನು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ವಿದ್ಯುತ್ತು ಇನ್ನೊಂದಕ್ಕೆ ಎದುರಾಗುವಂತೆ ಜೋಡಿಸುವುದು. ಹೊರಗಿನ ಮೊರೆತ ಎರಡರಲ್ಲಿಯೂ ಒಂದೇ ಸಮನಾಗಿ ಹುಟ್ಟಿ ಪರಸ್ಪರ ಅಳಿಸಿಹೋಗುತ್ತದೆ. ತಂತಿಯ ಸಂಕೇತವೂ ಅಳಿಸಿಹೋಗಬೇಕಲ್ಲ? ಅದನ್ನು ತಪ್ಪಿಸಲು ಒಂದು ಸುರುಳಿಯ ಅಯಸ್ಕಾಂತದ ಧ್ರುವಗಳನ್ನು ತಲೆಕೆಳಗು ಮಾಡಲಾಗಿದೆ. ಎರಡು ಸಲ ತಿರುಗಿಸಿದ್ದು ಮೊದಲಿನಂತೆಯೇ ಆಗಿ ತಂತಿಯ ಸಂಕೇತಗಳು ಮಾತ್ರ ಕೂಡಿಕೊಳ್ಳುತ್ತವೆ. ನಮ್ಮ ಗಿಟಾರಿನಲ್ಲಿಯೂ ನಡುವಿನ ಪಿಕಪ್ಪನ್ನು ಹೀಗೆ ತಿರುಗುಮುರುಗಾಗಿ ಮಾಡಿರುವುದರಿಂದ ಅದನ್ನೂ ಪಕ್ಕದ ಒಂದನ್ನೂ ಒಟ್ಟಿಗೆ ಆರಿಸಿದಾಗ ಮೊರೆತ ನಿಂತಿತು. ಆದುದರಿಂದ ಇದು ದೋಷವಲ್ಲ.

ದಪ್ಪ ತಂತಿಯ ತೊದಲಿಗೆ ಕಾರಣ ದಂಡಿಯ ಬಳಿಯ ಪಿಕಪ್ಪು ತಂತಿಗೆ ಅತಿ ಸಮೀಪದಲ್ಲಿದ್ದುದು. ಅಯಸ್ಕಾಂತವು ತಂತಿಯನ್ನು ತನ್ನೆಡೆಗೆ ಎಳೆಯುವುದರಿಂದ ಮೇಲೆ ಕೆಳಗೆ ಆಡುವ ಕಂಪನದ ಆವೃತ್ತಿಯು ಪಕ್ಕಕ್ಕೆ ಆಡುವ ಕಂಪನದ ಆವೃತ್ತಿಗಿಂತ ಸ್ವಲ್ಪ ಬೇರೆಯಾಗಿ, ಎರಡೂ ಸೇರಿ ಸ್ವರ ತೊದಲುತ್ತದೆ. ಎರಡು ತಿರುಪುಮೊಳೆಗಳನ್ನು ಕೆಲವು ಸುತ್ತು ತಿರುಗಿಸಿ ಪಿಕಪ್ಪನ್ನು ಇಳಿಸಿದ ಕೂಡಲೆ ತೊದಲು ಹೋಯಿತು.

ಮೂರನೆಯದು ಸ್ವರವು ಏರಿ ನಿಲ್ಲುವುದು. 12ನೆಯ ಮೆಟ್ಟಿಲು ತಂತಿಯ ನಡುವಿನಲ್ಲಿರುವುದರಿಂದ ಅಲ್ಲಿ ಒತ್ತಿದಾಗ ಆವೃತ್ತಿ ಸರಿಯಾಗಿ ಎರಡರಷ್ಟಾಗಬೇಕು. ಆದರೆ ತಂತಿಯನ್ನು ಮೆಟ್ಟಿಲಿನವರೆಗೆ ಅದುಮುವುದರಲ್ಲಿಯೇ ಅದರ ಬಿಗಿತ ತುಸು ಹೆಚ್ಚುತ್ತದೆ, ಸ್ವರವೂ ಏರುತ್ತದೆ. ಒಂದು ಸ್ಥಾಯಿಯನ್ನು 1,200 ಸೂಕ್ಷ್ಮ ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದನ್ನು ಸೆಂಟ್ ಎನ್ನುವುದು ರೂಢಿ. ನಮ್ಮ ಆರನೆಯ ತಂತಿ 8 ಸೆಂಟಿನಷ್ಟು ಏರಿತ್ತು. ಇದಕ್ಕೆ ಮದ್ದೂ ವಾದ್ಯದಲ್ಲಿಯೇ ಇದೆ: ಒಂದೊಂದು ತಂತಿಯ ಕುದುರೆಯನ್ನೂ ಪ್ರತ್ಯೇಕವಾದ ತಿರುಪಿನಿಂದ ಹಿಂದಕ್ಕೆ ಸರಿಸಬಹುದು. ಲೆಕ್ಕ ಮಾಡಿದರೆ ಒಂದು ಮಿಲಿಮೀಟರ್ ಸರಿಸಿದುದಕ್ಕೆ 2.7 ಸೆಂಟ್ ಇಳಿಯಬೇಕು. ಮೂರು ಮಿಲಿಮೀಟರ್ ಸರಿಸಿದೆವು, ಸ್ವರ ಸರಿಯಾಯಿತು. ಲೆಕ್ಕವೂ ತಿರುಪೂ ಹೀಗೆ ಒಪ್ಪಿಕೊಳ್ಳುವುದನ್ನು ನೋಡುವ ಸಂತೋಷಕ್ಕಾಗಿಯಾದರೂ ಈ ಕೆಲಸವನ್ನು ಅಂಗಡಿಯವರಿಗೆ ಬಿಡದೆ ಕೊಂಡವರೇ ಮಾಡಿಕೊಳ್ಳಬೇಕು.

ಉಳಿದುದು 13ನೆಯ ಮೆಟ್ಟಿಲಿನ ಕರ್ಕಶ. ಆರು ತಂತಿಗಳೂ ಸೇರಿ ಸುಮಾರು 46 ಕಿಲೋಗ್ರಾಂ ತೂಕದಷ್ಟು ಬಲದಿಂದ ದಂಡಿಯನ್ನು ಎಳೆಯುತ್ತಿರುತ್ತವೆ. ದಂಡಿ ಬಿಲ್ಲಿನಂತೆ ಬಾಗದಿರಲೆಂದು ಅದರೊಳಗೆ ಉಕ್ಕಿನ ಸರಳು ಇದೆ. ಆ ಸರಳು ಹೆಚ್ಚು ಬಿಗಿಯಾಗಿ ದಂಡಿ ಹಿಂದಕ್ಕೆ ಬಾಗಿದ್ದರೂ ತಂತಿಗಳು ಮೆಟ್ಟಿಲುಗಳಿಗೆ ತಗುಲಬಹುದು. ಆದರೆ ಆಗ ಕರ್ಕಶ ಹಲವು ಮೆಟ್ಟಿಲುಗಳಲ್ಲಿ ಕೇಳಿಸಬೇಕು, ಒಂದರಲ್ಲಿ ಮಾತ್ರ ಅಲ್ಲ. ಸಣ್ಣ ಉಕ್ಕಿನ ಅಳತೆಪಟ್ಟಿಯ ಅಂಚನ್ನು 13, 14, 15ನೆಯ ಮೆಟ್ಟಿಲುಗಳ ಮೇಲೆ ಒಟ್ಟಿಗೆ ಇಟ್ಟಾಗ ಅದು ತಕ್ಕಡಿಯ ದಂಡಿಗೆಯಂತೆ ಅತ್ತಿತ್ತ ಆಡಿತು. 14ನೆಯ ಮೆಟ್ಟಿಲು ಎದ್ದುನಿಂತಿತ್ತು. 13ರಲ್ಲಿ ಒತ್ತಿದ ತಂತಿ ಮುಂದಿನ ಮೆಟ್ಟಿಲಿಗೆ ಬಡಿಯುತ್ತಿತ್ತು. ಇದು ತಯಾರಿಕೆಯ ದೋಷವೇ ಹೊರತು ಪ್ರಕೃತಿಯದಲ್ಲ. ಏಳನೆಯ ದಿನ ವಾದ್ಯವನ್ನೂ ಅಳತೆಪಟ್ಟಿಯನ್ನೂ ಅಂಗಡಿಗೆ ಒಯ್ದು ತೋರಿಸಿದೆವು. ಎಲ್ಲ ಗಿಟಾರುಗಳೂ ಹೀಗೆಯೇ ಎಂಬ ಮೊದಲನೆಯ ಉತ್ತರ ಪಟ್ಟಿಯ ಆಟವನ್ನು ಕಂಡಮೇಲೆ ನಿಂತುಹೋಯಿತು. ಮೆಟ್ಟಿಲನ್ನು ತಟ್ಟಿ ಕೂರಿಸಿ, ಅರದಿಂದ ಸಮಮಾಡಿ, ಅಂದೇ ಕೊಟ್ಟರು. ವಾದ್ಯವನ್ನು ಹಿಂದಿರುಗಿಸುವ ಅಗತ್ಯ ಬೀಳಲಿಲ್ಲ.

ಮೆಟ್ಟಿಲುಗಳ ಮಾತು ಬಂದುದರಿಂದ ಅವುಗಳ ಹಂಚಿಕೆಯನ್ನೂ ಅಳೆದು ನೋಡಿದೆವು. ಒಂದು ಸ್ಥಾಯಿಯಲ್ಲಿ 12 ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿಗೂ ಆವೃತ್ತಿಯು 1.0595ರಷ್ಟು ಪಟ್ಟು ಏರಬೇಕು. ಹನ್ನೆರಡು ಸಲ ಏರಿದಾಗ ಎರಡು ಪಟ್ಟಾಗುತ್ತದೆ. ಹದಿನಾರನೆಯ ಶತಮಾನದ ಇಟಲಿಯಲ್ಲಿ ಇದಕ್ಕೊಂದು ಸುಲಭಸೂತ್ರವನ್ನು ಹೇಳಿದವನು ವಿಂಚೆನ್ಜೊ ಗೆಲಿಲಿ, ವಿಜ್ಞಾನಿ ಗೆಲಿಲಿಯೊನ ತಂದೆ. ಉಳಿದ ಉದ್ದದ ಹದಿನೆಂಟನೆಯ ಒಂದು ಭಾಗವನ್ನು ಪ್ರತಿ ಸಲವೂ ಬಿಡುತ್ತ ಹೋಗಬೇಕೆಂಬುದು ಅವನ ಸೂತ್ರ. ನಮ್ಮ ಗಿಟಾರಿಗೆ ಅದನ್ನು ಅನ್ವಯಿಸಿದರೆ 12ನೆಯ ಮೆಟ್ಟಿಲು ನಡುವಿನಿಂದ ಕೇವಲ 2.4 ಮಿಲಿಮೀಟರ್ ಆಚೀಚೆಯಾಗುತ್ತದೆ. ವೀಣೆ ಮಾಡುವವರಂತೆ ಕೈಯಿಂದಲೇ ಕೆಲಸ ಮಾಡುತ್ತಿದ್ದ ಕಾಲಕ್ಕೆ ಇದೇನು ಕಡಿಮೆಯದಲ್ಲ. ಇಂದು 17.817ರಿಂದ ಭಾಗಿಸುತ್ತಾರೆ. ಮೊದಲನೆಯ ಮೆಟ್ಟಿಲು 36.4 ಮಿಲಿಮೀಟರಿಗೆ ಬರಬೇಕು. ನಮ್ಮ ಪಟ್ಟಿಯ ಅಳತೆಗೆ ಅದು ಹೊಂದಿತು.

ಆದರೂ ಕರ್ಣಾಟಕ ಸಂಗೀತಕ್ಕೆ ಒಗ್ಗಿದ ಕಿವಿಗೆ ಈ ವಾದ್ಯದ ಗಾಂಧಾರ ಒಪ್ಪುವುದಿಲ್ಲ. 110 ಹರ್ಟ್ಸ್ ಷಡ್ಜವಾದರೆ ಶುದ್ಧ ಅನುಪಾತದ ಅಂತರಗಾಂಧಾರ ಅದರ ಐದುಕಾಲು ಭಾಗ, 137.5, ಗಿಟಾರಿನಲ್ಲಿ ದೊರೆಯುವುದು 138.6. ವ್ಯತ್ಯಾಸ ಅಲ್ಪವೆನಿಸಬಹುದು. ಎರಡನ್ನೂ ಒಟ್ಟಿಗೆ ಮೀಟಿದಾಗ ಷಡ್ಜದ ಐದನೆಯ ಉಪಸ್ವರ 550ಕ್ಕೂ ಗಾಂಧಾರದ ನಾಲ್ಕನೆಯ ಉಪಸ್ವರ 554.4ಕ್ಕೂ ತಾಕಲಾಟವಾಗಿ, ಸೆಕೆಂಡಿಗೆ ನಾಲ್ಕಕ್ಕೂ ಹೆಚ್ಚು ಸಲ ನಾದವು ಅಲೆಯಲೆಯಾಗಿ ನಡುಗುತ್ತದೆ. ವರ್ಧಕವನ್ನು ಮಿತಿಮೀರಿ ಏರಿಸಿ ನಾದವನ್ನು ಒರಟುಮಾಡಿದಾಗ ಈ ನಡುಕ ಅಸಹ್ಯವೇ ಆಗುತ್ತದೆ. ರಾಕ್ ಸಂಗೀತದವರು ಅಂತಹ ಕಡೆ ಗಾಂಧಾರವನ್ನು ಬಿಟ್ಟು ಷಡ್ಜ ಪಂಚಮಗಳನ್ನು ಮಾತ್ರ ನುಡಿಸುವುದು ಇದರಿಂದಲೇ; ಪಂಚಮದಲ್ಲಿ ವ್ಯತ್ಯಾಸ ಎರಡೇ ಸೆಂಟು. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಕಾಯಿಸಿ ಸರಿಸಿ ಕಿವಿಗೆ ಒಪ್ಪುವಂತೆ ಮಾಡಿಕೊಳ್ಳಬಹುದು. ಮರಕ್ಕೆ ಬಡಿದು ಕೂರಿಸಿದ ಗಿಟಾರಿನ ಮೆಟ್ಟಿಲುಗಳಿಗೆ ಆ ಸೌಕರ್ಯವಿಲ್ಲ. ಅದಕ್ಕೆ ಪ್ರತಿಯಾಗಿ ಯಾವ ಮೆಟ್ಟಿಲನ್ನು ಷಡ್ಜವೆಂದು ಹಿಡಿದರೂ ಒಂದೇ ಎಂಬ ಅನುಕೂಲವಿದೆ.

ಕೊನೆಯದಾಗಿ, ವಿದ್ಯಾರ್ಥಿಗಳು ಮತ್ತೆ ಮತ್ತೆ ಮಾಡಿಸಿಕೊಂಡ ಪ್ರಯೋಗ. ವರ್ಧಕವನ್ನು ಸಾಕಷ್ಟು ಏರಿಸಿ ಗಿಟಾರನ್ನು ಧ್ವನಿವರ್ಧಕಕ್ಕೆ ಎದುರಾಗಿ ಹಿಡಿದರೆ, ಒಮ್ಮೆ ಮೀಟಿದ ತಂತಿಯ ಸ್ವರ ಕುಗ್ಗುವುದೇ ಇಲ್ಲ, ಬೆಳೆಯುತ್ತಲೇ ಹೋಗುತ್ತದೆ. ಧ್ವನಿವರ್ಧಕದ ಸದ್ದು ಗಾಳಿಯ ಮೂಲಕ ಬಂದು ತಂತಿಯನ್ನೂ ಮರವನ್ನೂ ಅಲುಗಿಸುತ್ತದೆ. ಅಲುಗಿದ ತಂತಿ ಮತ್ತೆ ಪಿಕಪ್ಪಿನಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ಮತ್ತೆ ಸದ್ದಾಗುತ್ತದೆ. ಹೀಗೆ ಸುತ್ತಿ ಬಂದ ತಳ್ಳು ತಂತಿಯ ಓಟದೊಡನೆ ಹೆಜ್ಜೆ ಹೊಂದಿಸಿದರೆ ಮಾತ್ರ ಸ್ವರ ಬೆಳೆಯುವುದು. ಉಯ್ಯಾಲೆಯನ್ನು ಸಮಯವರಿತು ತಳ್ಳಿದಂತೆ. ನಮ್ಮ ತಂತಿ 330 ಹರ್ಟ್ಸಿನಲ್ಲಿ ಹಾಡುತ್ತಿತ್ತು. ಗಾಳಿಯಲ್ಲಿ ಆ ಸ್ವರದ ಅಲೆಯುದ್ದ ಸುಮಾರು 105 ಸೆಂಟಿಮೀಟರ್. ಗಿಟಾರು ಹಿಡಿದಿದ್ದವನನ್ನು ಅದರ ಅರ್ಧದಷ್ಟು, ಒಂದು ಸಣ್ಣ ಹೆಜ್ಜೆ, ಹಿಂದಕ್ಕೆ ಸರಿಯಲು ಹೇಳಿದೆವು. ತಳ್ಳು ಈಗ ತಪ್ಪು ಸಮಯಕ್ಕೆ ಬರತೊಡಗಿ ಆ ಸ್ವರ ಸೊರಗಿತು. ಅದೇ ತಂತಿ, ಯಾರೂ ಮುಟ್ಟದೆಯೇ, ಇನ್ನೊಂದು ಉಪಸ್ವರವನ್ನು ಹಾಡತೊಡಗಿತು.